ತೊಟ್ಟಿಲ ಮೋಟರ್ ನಿಂತ ಕೂಡಲೇ ಕೂಸು ಏಳುತ್ತೆ, ಯಾವ ಇನ್ವರ್ಟರ್ ಹಾಕಲಿ?

ನವನಗರ_ನಿದ್ದೆಗೇಡಿ (ಮಂಗಳವಾರ, ನಸುಕಿನ 3:12)
ಎಲ್ಲರಿಗೂ ನಮಸ್ಕಾರ. ಒಂದು ಕೈಯಲ್ಲಿ ತೊಟ್ಟಿಲು ತೂಗುತ್ತಾ ಇನ್ನೊಂದು ಕೈಯಲ್ಲಿ ಟೈಪ್ ಮಾಡುತ್ತಿದ್ದೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.
ಸಮಸ್ಯೆ ಇಷ್ಟೇ. ತೊಟ್ಟಿಲಿಗೆ ಮೋಟರ್ ಹಾಕಿಸಿದ್ದೇನೆ. ತೂಗುವಷ್ಟು ಹೊತ್ತು ಮಗಳು ಮಲಗುತ್ತಾಳೆ. ಕರೆಂಟ್ ಹೋಯಿತೋ ಮೋಟರ್ ನಿಂತಿತು, ಮೋಟರ್ ನಿಂತಿತೋ ಇವಳು ಎದ್ದಳು. ಮನೆಯಲ್ಲಿ ಇನ್ವರ್ಟರ್ ಇದೆ, ಆದರೂ ನಿಲ್ಲುತ್ತದೆ. ನಿನ್ನೆ ಅಂಗಡಿಯಲ್ಲಿ ಗಿರಾಕಿ ಕೊಟ್ಟ 500ರ ನೋಟನ್ನು ಅವರಿಗೇ ವಾಪಸ್ ಕೊಟ್ಟು, ಮೇಲೆ ಚಿಲ್ಲರೆಯನ್ನೂ ಕೊಟ್ಟು ಕಳಿಸಿದ್ದೇನೆ. ಅಷ್ಟು ನಿದ್ದೆಗಣ್ಣು.
ಯಾವ ಇನ್ವರ್ಟರ್ ಹಾಕಬೇಕು ಬೇಗ ಹೇಳಿ.

ಸೈನ್‌ವೇವ್_ಗದಗ (ಬೆಳಿಗ್ಗೆ 6:40)
ನೋಡದೇ ಹೇಳುತ್ತೇನೆ, ನಿಮ್ಮದು ಸ್ಕ್ವೇರ್ ವೇವ್ ಇನ್ವರ್ಟರ್, ಅಂದರೆ ಲೈನ್ ಕರೆಂಟಿನ ಹಾಗೆ ನುಣುಪಾಗಿ ಕೊಡದೆ ಜಿಗಿಜಿಗಿದು ಕೊಡುವಂಥದ್ದು. ಅದರ ಮೇಲೆ ಮೋಟರ್ ಸರಿಯಾಗಿ ನಡೆಯುವುದಿಲ್ಲ. ಗುಂಯ್ ಅನ್ನುತ್ತದೆ, ಬಿಸಿ ಆಗುತ್ತದೆ, ನಿಲ್ಲುತ್ತದೆ. ಕರೆಂಟ್ ಹೋದಾಗ ಸೀಲಿಂಗ್ ಫ್ಯಾನ್ ಸದ್ದು ಕೇಳಿ ನೋಡಿ. ಲೈನ್ ಕರೆಂಟಿನ ಹಾಗೇ ಕೊಡುವ ಪ್ಯೂರ್ ಸೈನ್ ವೇವ್ ತಗೊಳ್ಳಿ, ಕಥೆ ಮುಗೀತು.

ಬೆಟಗೇರಿ_ಅಕ್ಕ (ಬೆಳಿಗ್ಗೆ 7:05)
ಕೂಸಿಗೆ ಎಷ್ಟು ತಿಂಗಳು?

ಬ್ಯಾಡಗಿ_ಬ್ಯಾಟರಿ (ಬೆಳಿಗ್ಗೆ 7:30)
ಸೈನ್ ವೇವ್ ಸರಿ, ಆದರೆ ಬ್ಯಾಟರಿ ಎಷ್ಟು ಆಂಪಿಯರ್ ಅವರ್, ಅಂದರೆ ಎಷ್ಟು ಕರೆಂಟ್ ಹಿಡಿಯುತ್ತದೆ? ಅದನ್ನು ಹೇಳದೆ ಏನು ಹೇಳೋದು? ನಮ್ಮ ಮನೆಯಲ್ಲಿ 150ರ ಟ್ಯೂಬ್ಯುಲರ್ ಎರಡು ಇವೆ, ಮಾಳಿಗೆ ಮೇಲೆ ಸೋಲಾರ್. ಮೆಣಸಿನಕಾಯಿ ಸೀಸನ್‌ನಲ್ಲಿ ರಾತ್ರಿಯೆಲ್ಲಾ ಗೋಡೌನ್ ಲೈಟು ಉರಿಯುತ್ತವೆ. ಬ್ಯಾಟರಿ ನೀರನ್ನು ಪ್ರತಿ ತಿಂಗಳು ಒಂದನೇ ತಾರೀಕು ನಾನೇ ನೋಡುತ್ತೇನೆ. ಫೋಟೋ ಹಾಕುತ್ತೇನೆ ತಡೀರಿ.

ನವನಗರ_ನಿದ್ದೆಗೇಡಿ (ಬೆಳಿಗ್ಗೆ 10:15)
ಹೌದು ಸರ್, ಫ್ಯಾನ್ ಗುಂಯ್ ಅನ್ನುತ್ತೆ!

ಸೈನ್‌ವೇವ್_ಗದಗ (ಬೆಳಿಗ್ಗೆ 10:17)
ನಾನು ಹೇಳಲಿಲ್ವಾ?

ಸಪ್ತಾಪುರ_ಸಾವಕಾಶ (ಬೆಳಿಗ್ಗೆ 11:02)
ತೊಟ್ಟಿಲಿಗೆ ಮೋಟರ್! ನಮ್ಮ ಮನೆಯಲ್ಲಿರುವುದು ಕಲಘಟಗಿ ತೊಟ್ಟಿಲು. ಸಾಗವಾನಿ ಕಟ್ಟಿಗೆ, ನಾಲ್ಕೂ ಕಡೆ ಕೃಷ್ಣನ ಆಟದ ಚಿತ್ರ. ನಮ್ಮ ಅಜ್ಜನಿಂದ ಹಿಡಿದು ನನ್ನ ಮಗನವರೆಗೆ ಎಲ್ಲರೂ ಅದರಲ್ಲೇ ಮಲಗಿದವರು. ಬಣ್ಣ ಇನ್ನೂ ಹೊಳೆಯುತ್ತದೆ. ಓಣಿಯಲ್ಲಿ ಯಾರ ಮನೆಯಲ್ಲಿ ಹೆಸರಿಡುವುದಿದ್ದರೂ ಒಯ್ಯುತ್ತಾರೆ. ಹಗ್ಗ ಕಟ್ಟಿ ಹಾಸಿಗೆಯಿಂದಲೇ ಕಾಲಲ್ಲಿ ಎಳೆದರೆ ಆಯಿತು. ಕರೆಂಟೂ ಬೇಡ, ಸೈನ್ ವೇವೂ ಬೇಡ.

ಬ್ಯಾಡಗಿ_ಬ್ಯಾಟರಿ (ಬೆಳಿಗ್ಗೆ 11:10)
ಧಾರವಾಡದವರಿಗೆ ರಾತ್ರಿ ಪೂರ್ತಿ ಕಾಲಲ್ಲಿ ಹಗ್ಗ ಎಳೆಯುವಷ್ಟು ಟೈಮ್ ಇರುತ್ತೆ. ಹುಬ್ಬಳ್ಳಿಯವರು ಬೆಳಿಗ್ಗೆ ಎದ್ದು ಅಂಗಡಿ ತೆಗೀಬೇಕಲ್ಲ.

ಸಪ್ತಾಪುರ_ಸಾವಕಾಶ (ಬೆಳಿಗ್ಗೆ 11:14)
ಅಂಗಡಿ ತೆಗೆದು 500ರ ನೋಟು ವಾಪಸ್ ಕೊಡೋಕಾ?

ಹಾವೇರಿ_ಅಜ್ಜಿಮೊಮ್ಮಗ (ಮಧ್ಯಾಹ್ನ 12:20)
ಇದು ದೃಷ್ಟಿ ಇರಬಹುದು. ಉಪ್ಪು, ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿ. ಅದರ ಜೊತೆ ಜಾಯಿಕಾಯಿ ತೇಯ್ದು ಒಂದಿಷ್ಟು ಜೇನುತುಪ್ಪದಲ್ಲಿ ನೆಕ್ಕಿಸಿದರೆ ಕೂಸು ಬೆಳಗಾಗುವವರೆಗೆ ಏಳಲ್ಲ.

ಬೆಟಗೇರಿ_ಅಕ್ಕ (ಮಧ್ಯಾಹ್ನ 12:31)
ದೃಷ್ಟಿ ಬೇಕಾದರೆ ತೆಗೀರಿ, ಮೆಣಸಿನಕಾಯಿ ಘಾಟು ಕೂಸಿನ ಕೋಣೆಗೆ ಬರದ ಹಾಗೆ ನೋಡಿಕೊಳ್ಳಿ ಅಷ್ಟೇ. ಆದರೆ ಜೇನುತುಪ್ಪ ಒಂದು ವರ್ಷ ತುಂಬುವವರೆಗೆ ಬೇಡವೇ ಬೇಡ, ಒಂದು ಹನಿಯೂ ಬೇಡ. ಅದರಲ್ಲಿರಬಹುದಾದ ಒಂದು ಬಗೆಯ ರೋಗಾಣು ದೊಡ್ಡವರಿಗೆ ಏನೂ ಮಾಡಲ್ಲ. ಸಣ್ಣ ಕೂಸಿನ ಕರುಳಲ್ಲಿ ಬೆಳೆದು ವಿಷ ಬಿಡುತ್ತದೆ. ಕೈಕಾಲು ಸೋತು, ಉಸಿರಾಟಕ್ಕೂ ತೊಂದರೆ ಆಗುತ್ತದೆ. ಬೊಟುಲಿಸಮ್ ಅಂತಾರೆ. ಜಾಯಿಕಾಯಿಯೂ ಹೆಚ್ಚಾದರೆ ಔಷಧಿ ಅಲ್ಲ, ನಶೆ.
ತಮ್ಮಾ, ಎರಡನೇ ಸಲ ಕೇಳುತ್ತಿದ್ದೇನೆ. ಕೂಸಿಗೆ ಎಷ್ಟು ತಿಂಗಳು?

ಸೈನ್‌ವೇವ್_ಗದಗ (ಮಧ್ಯಾಹ್ನ 1:05)
ಚರ್ಚೆ ಎಲ್ಲೆಲ್ಲೋ ಹೋಗುತ್ತಿದೆ. ಸ್ಕ್ವೇರ್ ವೇವ್ ಬದಲಿಸಿ ಅಂತ ಹೇಳಿದ್ದೇನೆ, ಮೊದಲು ಅದನ್ನು ಮಾಡಿ. ಇಲ್ಲದಿದ್ದರೆ ಮೋಟರ್ ವೈಂಡಿಂಗ್ ಸುಡುತ್ತೆ.

ಉಣಕಲ್_ಎಲೆಕ್ಟ್ರಾನಿಕ್ಸ್ (ಮಧ್ಯಾಹ್ನ 3:48)
ಮೋಟರ್ ಮೇಲಿನ ಲೇಬಲ್‌ನಲ್ಲಿ ಏನು ಬರೆದಿದೆ? ಯಾರೂ ಕೇಳಿಲ್ಲವಲ್ಲ.

ನವನಗರ_ನಿದ್ದೆಗೇಡಿ (ಸಂಜೆ 5:20)
ಲೇಬಲ್ ನೋಡಿದೆ. 12 ವೋಲ್ಟ್, 2 ಆಂಪಿಯರ್. ಲ್ಯಾಪ್‌ಟಾಪ್‌ನದ್ದರಂತೆ ಅಡಾಪ್ಟರ್ ಇದೆ. ಸ್ಪ್ರಿಂಗ್ ಮೇಲಿನ ಕೊಕ್ಕೆಗೆ ಮೋಟರ್ ಡಬ್ಬಿ, ಅದರಲ್ಲಿ ಟಚ್ ಬಟನ್, ಮೂರು ಸ್ಪೀಡ್. ಇದು ಎಲ್ಲರಿಗೂ ಗೊತ್ತಿರುತ್ತೆ ಅಂದುಕೊಂಡೆ.

ಉಣಕಲ್_ಎಲೆಕ್ಟ್ರಾನಿಕ್ಸ್ (ಸಂಜೆ 5:26)
ಹಾಗಾದರೆ ಸ್ಕ್ವೇರ್ ವೇವ್‌ಗೂ ಇದಕ್ಕೂ ಸಂಬಂಧ ಇಲ್ಲ. ಒಳಗೆ ಯಾವ ವೇವ್ ಬಂದರೂ ಅಡಾಪ್ಟರ್ ಅದನ್ನು ಡಿಸಿ, ಅಂದರೆ ಬ್ಯಾಟರಿಯಿಂದ ಬರುವಂಥ ಕರೆಂಟ್ ಮಾಡಿಯೇ ಮೋಟರ್‌ಗೆ ಕೊಡುತ್ತದೆ. ನಿಮ್ಮ ಸಮಸ್ಯೆ ಟಚ್ ಬಟನ್. ಕರೆಂಟ್‌ನಿಂದ ಇನ್ವರ್ಟರ್‌ಗೆ ಬದಲಾಗುವಾಗ ಕಣ್ಣು ಮಿಟುಕಿಸುವಷ್ಟು ಹೊತ್ತು ಸಪ್ಲೈ ಕಟ್ ಆಗುತ್ತದೆ. ಬಲ್ಬಿಗೆ ಅದು ಲೆಕ್ಕಕ್ಕಿಲ್ಲ. ಟಚ್ ಬೋರ್ಡ್ ಮಾತ್ರ ಆಫ್ ಆಗಿ ಕೂರುತ್ತೆ, ಯಾರಾದರೂ ಒತ್ತುವವರೆಗೆ ಮತ್ತೆ ಶುರು ಆಗಲ್ಲ.
ವೈಫೈ ರೂಟರ್‌ಗೆ ಹಾಕುವ 12 ವೋಲ್ಟ್ ಮಿನಿ ಯುಪಿಎಸ್ (ಕರೆಂಟ್ ಹೋದರೂ ಸಪ್ಲೈ ಕಟ್ ಆಗದ ಹಾಗೆ ನೋಡಿಕೊಳ್ಳುವ ಪುಟ್ಟ ಬ್ಯಾಟರಿ ಡಬ್ಬಿ) ಸಿಗುತ್ತದಲ್ಲ, ಅದನ್ನು ಅಡಾಪ್ಟರ್‌ಗೂ ಮೋಟರ್‌ಗೂ ನಡುವೆ ಹಾಕಿ. 2 ಆಂಪಿಯರ್‌ದೇ ತಗೊಳ್ಳಿ, ಪಿನ್ ಅಳತೆ ನೋಡಿ.

ಸೈನ್‌ವೇವ್_ಗದಗ (ಸಂಜೆ 5:40)
ಡಿಸಿ ಅಂತ ಮೊದಲೇ ಹೇಳಬೇಕಿತ್ತು. ಆದರೂ ಫ್ಯಾನ್ ಗುಂಯ್ ಅನ್ನುತ್ತಿದೆ ಅಲ್ವಾ? ಇನ್ವರ್ಟರ್ ಬದಲಿಸುವುದೇ ಒಳ್ಳೆಯದು.

ಬ್ಯಾಡಗಿ_ಬ್ಯಾಟರಿ (ಸಂಜೆ 6:02)
150 ಆಂಪಿಯರ್ ಅವರ್, 12 ವೋಲ್ಟ್, ಅಂದರೆ 1800 ವ್ಯಾಟ್ ಅವರ್. ನನ್ನ ಒಂದೇ ಬ್ಯಾಟರಿ ಮೇಲೆ ಈ ಮೋಟರ್ ಹಾಕಿದರೆ ಕೂಸು ಕಾಲೇಜಿಗೆ ಹೋಗುವವರೆಗೆ ತೂಗುತ್ತೆ.

ನವನಗರ_ನಿದ್ದೆಗೇಡಿ (ಗುರುವಾರ, ನಸುಕಿನ 4:05)
ಮಿನಿ ಯುಪಿಎಸ್ ತಂದು ಹಾಕಿದೆ. ಉಣಕಲ್ ಅಣ್ಣಾ, ನಿಮಗೆ ದೊಡ್ಡ ನಮಸ್ಕಾರ. 1:30ಕ್ಕೆ ಕರೆಂಟ್ ಹೋಯಿತು, ಮೋಟರ್ ನಿಲ್ಲಲೇ ಇಲ್ಲ.
ಮಗಳು ಎದ್ದಳು.
ಮೋಟರ್ ತಿರುಗುತ್ತಲೇ ಇದೆ, ಇವಳು ತೊಟ್ಟಿಲ ಅಂಚು ಹಿಡಿದು ಕೂತು ನನ್ನನ್ನೇ ನೋಡುತ್ತಿದ್ದಾಳೆ. 10:20ಕ್ಕೆ ಎದ್ದಳು, 11:15ಕ್ಕೆ, 12:40ಕ್ಕೆ, ಆಮೇಲೆ ಲೆಕ್ಕ ಬಿಟ್ಟೆ. ಸ್ಪೀಡ್ 3 ಇಟ್ಟರೆ ಮತ್ತೆ ಮಲಗುತ್ತಾಳೆ. ಇದಕ್ಕಿಂತ ಜಾಸ್ತಿ ಸ್ಪೀಡಿನ ಮೋಟರ್ ಬರುತ್ತಾ?

ಬೆಟಗೇರಿ_ಅಕ್ಕ (ಬೆಳಿಗ್ಗೆ 6:15)
ಕೂತು ಅಂದಿರಾ? ಕೂತು?
ತಿಂಗಳು ಎಷ್ಟು ಅಂತ ಹೇಳುತ್ತೀರೋ ಇಲ್ಲವೋ.

ನವನಗರ_ನಿದ್ದೆಗೇಡಿ (ಬೆಳಿಗ್ಗೆ 9:50)
ಬರುವ ಸೋಮವಾರಕ್ಕೆ 7 ತುಂಬುತ್ತೆ ಅಕ್ಕಾ. ಯಾಕೆ?

ಬೆಟಗೇರಿ_ಅಕ್ಕ (ಮಧ್ಯಾಹ್ನ 2:10)
ಎರಡು ಮಕ್ಕಳನ್ನು ಬೆಳೆಸಿದ್ದೇನೆ, 11 ವರ್ಷದಿಂದ ಅಂಗನವಾಡಿಯಲ್ಲಿದ್ದೇನೆ. ಸಿಟ್ಟು ಮಾಡಿಕೊಳ್ಳದೆ ಓದಿ ತಮ್ಮಾ.
ಮೊದಲು ತೊಟ್ಟಿಲು ಬಿಡಿ, ಇವತ್ತೇ. ಮಗುಚಿ, ಕೈ ಊರಿ ಏಳುವ ಕೂಸು ಸ್ಪ್ರಿಂಗ್ ತೊಟ್ಟಿಲಲ್ಲಿ ಇರಬಾರದು. ಅಂಚು ಹಿಡಿದು ಮುಂದಕ್ಕೆ ವಾಲಿದರೆ ತೊಟ್ಟಿಲೇ ಮಗುಚುತ್ತದೆ. ಸ್ಪ್ರಿಂಗ್ ಸಂದಿಗೆ ಬೆರಳು ಹೋದರೂ ಕಷ್ಟ. ನೀವು ಸ್ಪೀಡ್ ಕೇಳುತ್ತಿದ್ದೀರಿ.
ಇನ್ನು ನಿದ್ದೆಯ ಮಾತು. ನಮಗೆ ಒಂದು ಸುತ್ತಿನ ನಿದ್ದೆ ಸುಮಾರು 90 ನಿಮಿಷ, ಕೂಸಿಗೆ ಸುಮಾರು 50. ಸುತ್ತು ಮುಗಿದಾಗ ಎಲ್ಲರೂ ಅರೆ ಎಚ್ಚರ ಆಗುತ್ತೇವೆ, ಮಗ್ಗುಲು ಬದಲಿಸಿ ಮತ್ತೆ ಮಲಗುತ್ತೇವೆ. ನಿಮ್ಮ 10:20, 11:15 ನೋಡಿ. ಹೆಚ್ಚುಕಡಿಮೆ ಅದೇ ಲೆಕ್ಕ. ಮೋಟರ್ ನಿಂತಿದ್ದಕ್ಕೆ ಎದ್ದಿದ್ದಲ್ಲ, ಸುತ್ತು ಮುಗಿದಿದ್ದಕ್ಕೆ ಎದ್ದಿದ್ದು. ಮಲಗುವಾಗ ತೂಗಾಟ ಇತ್ತು, ಎದ್ದಾಗಲೂ ಅಷ್ಟೇ ಜೋರಾಗಿ ಬೇಕು ಅನ್ನುತ್ತಾಳೆ. ತೂಗದೆ ಮಲಗುವುದು ಅವಳಿಗೆ ಗೊತ್ತೇ ಇಲ್ಲ, ಯಾರೂ ಕಲಿಸಿಲ್ಲ.
ಗಟ್ಟಿ, ಚಪ್ಪಟೆ ಹಾಸಿಗೆ. ಅಂಗಾತ ಮಲಗಿಸಿ. ಸಾಸಿವೆ ದಿಂಬು, ಕೌದಿ ಯಾವುದೂ ಬೇಡ. ಸೊಳ್ಳೆ ಪರದೆ ಸಾಕು. ರಾತ್ರಿ ಒಂದೇ ಹೊತ್ತಿಗೆ, ಒಂದೇ ಕ್ರಮದಲ್ಲಿ. ಮೈ ಒರೆಸಿ, ಬಟ್ಟೆ ಬದಲಿಸಿ, ಹಾಲು ಕುಡಿಸಿ, ಲೈಟು ಸಣ್ಣದು ಮಾಡಿ. ಕಣ್ಣು ಎಳೆಯುತ್ತಿರುವಾಗಲೇ, ಪೂರ್ತಿ ಮಲಗುವ ಮೊದಲೇ ಹಾಸಿಗೆಗೆ ಹಾಕಿ. ಅಳುತ್ತಾಳೆ. ಪಕ್ಕದಲ್ಲೇ ಕೂತು ಬೆನ್ನು ತಟ್ಟಿ, ಜೋಗುಳ ಹಾಡಿ. ನಾಲ್ಕೈದು ರಾತ್ರಿ ಕಷ್ಟ.
ಹಗಲಲ್ಲಿ ಎಷ್ಟು ಮಲಗುತ್ತಾಳೆ? ಈ ವಯಸ್ಸಿಗೆ ಹಗಲು ರಾತ್ರಿ ಸೇರಿ 12ರಿಂದ 16 ತಾಸು. ಸಂಜೆ ಮಲಗಿಸಿದರೆ ಅಷ್ಟು ರಾತ್ರಿಯಿಂದಲೇ ಹೋಯಿತು.
ಮತ್ತೆ, ರಾತ್ರಿ ಒಂದೆರಡು ಸಲ ಹಾಲಿಗೆ ಎದ್ದರೆ ಅದು ರೋಗವಲ್ಲ. ಗೊರಕೆ ಹೊಡೆದರೆ, ಕಿವಿ ಎಳೆದುಕೊಂಡು ಅತ್ತರೆ, ಜ್ವರ ಇದ್ದರೆ, ಮುಖ ಬಿಳಿಚಿದ್ದರೆ ಡಾಕ್ಟರಿಗೆ ತೋರಿಸಿ.

ಸಪ್ತಾಪುರ_ಸಾವಕಾಶ (ಮಧ್ಯಾಹ್ನ 2:45)
ಎಲ್ಲಾ ಸರಿ ಅಕ್ಕೋರೆ, ಕೌದಿ ಬೇಡ ಅಂದರೆ ಹೇಗೆ? ಧಾರವಾಡದ ಶ್ರಾವಣದ ಗಾಳಿ ನಿಮಗೆ ಗೊತ್ತಿಲ್ಲ.

ಬೆಟಗೇರಿ_ಅಕ್ಕ (ಮಧ್ಯಾಹ್ನ 2:50)
ಮೈತುಂಬ ಅಂಗಿ ಹಾಕಿ. ಕೌದಿ ಮುಖದ ಮೇಲೆ ಬಂದರೆ ಸರಿಸಿಕೊಳ್ಳಲು ಕೂಸಿಗೆ ಆಗಲ್ಲ. ಕೌದಿ ನೀವು ಹೊದ್ದುಕೊಳ್ಳಿ.

ನವನಗರ_ನಿದ್ದೆಗೇಡಿ (ಮಧ್ಯಾಹ್ನ 3:30)
ಸಂಜೆ ನಾನು ಅಂಗಡಿಯಲ್ಲಿರುತ್ತೇನೆ. ಮನೆಯವಳನ್ನು ಕೇಳಿದೆ. ಅವಳು ಅಡುಗೆ ಮಾಡುವಾಗ ಕೂಸನ್ನು ತೊಟ್ಟಿಲಿಗೆ ಹಾಕಿ ಮೋಟರ್ ಒತ್ತುತ್ತಾಳಂತೆ. 6ರಿಂದ 8:15ರವರೆಗೆ ಗಾಢ ನಿದ್ದೆ. ಇದು ನನಗೆ ಇವತ್ತೇ ಗೊತ್ತಾಗಿದ್ದು. "ಮೋಟರ್ ತಂದಿದ್ದು ಯಾರು?" ಅಂದಳು. ನಾನು ಸುಮ್ನೆ ಅಂಗಡಿಗೆ ಬಂದೆ.

ಹಾವೇರಿ_ಅಜ್ಜಿಮೊಮ್ಮಗ (ಮಧ್ಯಾಹ್ನ 3:41)
ಆದರೂ ದೃಷ್ಟಿ ಒಂದು ಸಲ ತೆಗೆಸಿ.

ನವನಗರ_ನಿದ್ದೆಗೇಡಿ (ಮುಂದಿನ ಬುಧವಾರ, ಬೆಳಿಗ್ಗೆ 6:50)
ವರದಿ. ತೊಟ್ಟಿಲು ಬಿಚ್ಚಿ ಅಟ್ಟಕ್ಕೆ ಹಾಕಿದೆವು. ಮೊದಲ ರಾತ್ರಿ ಮುಕ್ಕಾಲು ತಾಸು ಅತ್ತಳು. ನಾನೂ ಅತ್ತೆ ಅಂತ ಮನೆಯವಳು ಹೇಳುತ್ತಾಳೆ, ಸುಳ್ಳು. ಎರಡನೇ ರಾತ್ರಿ ಬೆನ್ನು ತಟ್ಟಿ ತಟ್ಟಿ ನಾನೇ ಮೊದಲು ಮಲಗಿಬಿಟ್ಟೆ. ಸಂಜೆಯ ನಿದ್ದೆಯನ್ನು 5 ಗಂಟೆಗೇ ಮುಗಿಸುತ್ತಿದ್ದೇವೆ. ಅಡುಗೆಯ ಹೊತ್ತಿಗೆ ಪಕ್ಕದ ಮನೆಯ ಅಜ್ಜಿ ಬಂದು ಎತ್ತಿಕೊಳ್ಳುತ್ತಾರೆ.
ನಿನ್ನೆ 9:10ಕ್ಕೆ ಮಲಗಿದಳು. 1:20ಕ್ಕೆ ಎದ್ದು ಹಾಲು ಕುಡಿದಳು. ನಡುವೆ 3ಕ್ಕೆ ಕುಂಯ್ ಅಂದಳು, ನಾನು ಕೈ ಚಾಚುವ ಮೊದಲೇ ಮಗ್ಗುಲಾಗಿ ಹೆಬ್ಬೆರಳು ಬಾಯಿಗೆ ಹಾಕಿಕೊಂಡು ತಾನೇ ಮಲಗಿದಳು. ಆಮೇಲೆ 5:30.

ಬೆಟಗೇರಿ_ಅಕ್ಕ (ಬೆಳಿಗ್ಗೆ 7:02)
ಹಲ್ಲು ಬರುವಾಗ ಮತ್ತೆ ಕೆಡುತ್ತೆ, ಗಾಬರಿ ಆಗಬೇಡಿ. ತೊಟ್ಟಿಲು ಮಾತ್ರ ಅಟ್ಟದಿಂದ ಇಳಿಸಬೇಡಿ.

ಲಕ್ಷ್ಮೇಶ್ವರ_ಹೊಸಅಪ್ಪ (ಬೆಳಿಗ್ಗೆ 8:30)
ಸರ್, ಮೋಟರ್ ಅಟ್ಟದ ಮೇಲೇ ಇದೆಯಾ? ಕೊಡುವುದಿದ್ದರೆ ರೇಟು ಹೇಳಿ. ಮಿನಿ ಯುಪಿಎಸ್ ಸಮೇತ ಬೇಕು. ಭಾನುವಾರ ಹುಬ್ಬಳ್ಳಿಗೆ ಬರುತ್ತಿದ್ದೇನೆ.

ಬೆಟಗೇರಿ_ಅಕ್ಕ (ಬೆಳಿಗ್ಗೆ 8:33)
ಕೂಸಿಗೆ ಎಷ್ಟು ತಿಂಗಳು?

ಸೈನ್‌ವೇವ್_ಗದಗ (ಬೆಳಿಗ್ಗೆ 9:15)
ಇನ್ವರ್ಟರ್ ಯಾವುದಿದೆ ಮನೆಯಲ್ಲಿ?