ಅಪ್‌ಡೇಟ್: ಒಂದ ಕೈಲೆ ಟೈಪಿಂಗ್, ಕಡೀಕ ಬಗೆಹರೀತ್ರೀ

ನಮಸ್ಕಾರ್ರೀ. ಉಣಕಲ್ ಕೆರಿ ಹತ್ರ ಗಾಡಿ ಸ್ಕಿಡ್ ಆಗಿ ಬಲಗೈ ಪ್ಲಾಸ್ಟರ್‌ದಾಗ ಐತಿ, ಎಡಗೈ ಒಂದರಲೇ ಕನ್ನಡ ಟೈಪ್ ಮಾಡೋದು ಹೆಂಗ ಅಂತ ಮೂರು ವಾರದ ಹಿಂದ ಇಲ್ಲೇ ನಿಮ್ಮನ್ನ ಕೇಳಿದ್ದೆ.

ಮಾತಾಡಿ ಟೈಪ್ ಮಾಡ್ರಿ ಅಂದಿದ್ರಿ. ನಮ್ಮ ಹುಬ್ಬಳ್ಳಿ ಮಾತು ಆ ಮಾತು ಕೇಳಿ ಬರಿಯೋ ಸಾಫ್ಟ್‌ವೇರ್‌ಗೆ ತಿಳೀಲಿಲ್ಲ. "ಬರಾಕತ್ತೀನಿ" ಅಂದ್ರ "ಬರ ಕತ್ತಿ ನೀ" ಅಂತ ಬರೀತು, ಮನ್ಯಾಗ ಎಲ್ಲಾರೂ ನಕ್ಕಿದ್ದ ನಕ್ಕಿದ್ದು. ಶಿಫ್ಟ್ ಐದು ಸಲ ಒತ್ತಿ ಸ್ಟಿಕಿ ಕೀಸ್ (ಕೂಡೇ ಒತ್ತೋ ಕೀಲಿಗಳನ್ನ ಒಂದಾದ ಮ್ಯಾಲ ಒಂದು ಒತ್ತಿದ್ರೂ ನಡಿಯೋ ಸೌಲಭ್ಯ) ಹಚ್ಚೋದು ಶಾರ್ಟ್‌ಕಟ್‌ಗೆ ಛಲೋ, ಅಷ್ಟ.

ಕೆಲಸಕ್ಕ ಬಂದದ್ದು ಗದಗಿನ ಅಣ್ಣಾರು ಹೇಳಿದ ಐದು ಕೀಲಿ ಕಾರ್ಡ್ (chord) ಕೀಬೋರ್ಡ್, ಅಂದ್ರ ಕೀಲಿ ಕೂಡಿಸಿ ಒತ್ತಿ ಅಕ್ಷರ ಬರಿಸೋದು. ಒಂದನೇದು ಒತ್ತಿದ್ರ ಎ, ಎರಡನೇದು ಬಿ, ಎರಡೂ ಕೂಡೇ ಒತ್ತಿದ್ರ ಸಿ. ಬೆರಳು ಎತ್ತಿದ ಮ್ಯಾಲ ಅಕ್ಷರ ಬೀಳ್ತೈತಿ. ಐದು ಕೀಲಿಗೆ 31 ಜೋಡಣಿ; ಇಂಗ್ಲಿಷಿನ 26ಕ್ಕ ಸಾಕು, ಕನ್ನಡಕ್ಕ ಸಾಲೂದಿಲ್ಲ. ಅದಕ್ಕ ಇಂಗ್ಲಿಷ್ ಅಕ್ಷರ ಹೊಡದು ಲಿಪ್ಯಂತರದಿಂದ ಕನ್ನಡ ಮಾಡ್ಕೊಳ್ಳಾಕತ್ತೀನಿ. ಉಂಗುರ ಬೆರಳು ಮಾತ್ರ ಹಟಮಾರಿ, ಕಿರುಬೆರಳನ್ನ ಎಳಕೊಂಡ ಬರ್ತೈತಿ.

ಇದು ಹೊಸಾದು ಅನ್ಕೊಂಡಿದ್ದೆ. 1968ರಾಗ ಮೌಸ್ ಕಂಡುಹಿಡಿದ ಡಗ್ಲಸ್ ಎಂಗೆಲ್‌ಬಾರ್ಟ್ ಜನಕ್ಕ ಅದನ್ನ ತೋರಿಸಿದಾಗನ ಅವರ ಎಡಗೈ ಇಂಥಾದ್ದ ಐದು ಕೀಲಿ ಮ್ಯಾಲ ಇತ್ತಂತ!

ಸೋಮವಾರ ಪ್ಲಾಸ್ಟರ್ ತಗೀತಾರ. ಇಷ್ಟು ಬರಿಯಾಕ ನಲವತ್ತು ನಿಮಿಷ ಹಿಡೀತು ಮತ್ತ.