ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿದ ಮೇಲೆ ಕೆಲಸ: ಡಾಕ್ಟರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಚಿಕಿತ್ಸೆ ಮುಗಿಸಿ ಕೆಲಸಕ್ಕೆ ಮರಳುವವರು, ಕೆಲಸ ಬದಲಿಸುವವರು ಇವತ್ತು ಕೇಳಿ. ಉತ್ತರಿಸುವವರು ನಮ್ಮ ಕುಮಟಾ ಕಡೆಯ ಕ್ಯಾನ್ಸರ್ ಸರ್ಜನ್, ಈಗ ಮಂಗಳೂರಿನಲ್ಲಿದ್ದಾರೆ. ಫಾರ್ವರ್ಡ್ ಹಾಕಬೇಡಿ.

ಕಾರವಾರದ ಟೀಚರ್: ಮೇಡಂ, ಕರೆಂಟ್ (ರೇಡಿಯೇಷನ್) ಕೊಡೋದು ಮುಗಿದು ಮೂರು ವಾರ ಆಯ್ತು. ಸರ್ಕಾರಿ ಶಾಲೆ. ಯಾವಾಗ ಹಾಜರಾಗಬಹುದು? ಬೋರ್ಡಿನ ಮೇಲೆ ಬರೆಯಲು ಬಲಗೈ ಎತ್ತಲು ಆಗುತ್ತಿಲ್ಲ.

ಡಾಕ್ಟರ್: ಸುಸ್ತು ಇಳಿಯಲು ಕೆಲವರಿಗೆ ವಾರಗಳು, ಕೆಲವರಿಗೆ ತಿಂಗಳುಗಳು ಬೇಕು. ಎಲ್ಲರಿಗೂ ಒಂದೇ ತಾರೀಕು ಇಲ್ಲ. ಭುಜ ಬಿಗಿದಿದೆ, ಫಿಸಿಯೋ ಹತ್ತಿರ ಹೋಗಿ. ಗೋಡೆಗೆ ಮುಖ ಮಾಡಿ ನಿಂತು ಬೆರಳುಗಳಿಂದ ಗೋಡೆ ಹತ್ತುವ ವ್ಯಾಯಾಮ ದಿನಾ ಮಾಡಿ. ಅರ್ಧ ವೇತನ ರಜೆ ಬಾಕಿ ಇದ್ದರೆ ಅದರ ಬದಲು ಪೂರ್ಣ ವೇತನದ ಪರಿವರ್ತಿತ ರಜೆ ಸಿಗುತ್ತದಾ ಅಂತ ಕಚೇರಿಯಲ್ಲಿ ಕೇಳಿ. ಹಾಜರಾಗುವಾಗ ಫಿಟ್‌ನೆಸ್ ಸರ್ಟಿಫಿಕೇಟ್ ಬೇಕು.

ಅಂಕೋಲೆಯ ಸದಸ್ಯೆ: ಡಾಕ್ಟ್ರೇ, ಅವ್ವನಿಗೆ ಎಡಗಡೆ ಆಪರೇಷನ್ ಆಗಿ ವರ್ಷ ಆಯ್ತು. ಕಂಕುಳ ಗಂಟುಗಳನ್ನೂ (ಲಿಂಫ್ ನೋಡ್) ತೆಗೆದಿದ್ದಾರೆ. ಮತ್ತೆ ಮೀನಿನ ಬುಟ್ಟಿ ಹೊರುತ್ತೇನೆ ಅಂತ ಹಠ. ಹೊರಬಹುದಾ? ಮೊನ್ನೆ ಶೆಟ್ಲಿ (ಸಿಗಡಿ) ಸುಲಿಯುವಾಗ ಅದೇ ಕೈಗೆ ಮುಳ್ಳು ಚುಚ್ಚಿದೆ. ಸ್ವಲ್ಪ ಕೆಂಪಾಗಿ ಬಿಸಿ ಇದೆ, ಬಳೆ ತೆಗೆಯಲು ಬರ್ತಿಲ್ಲ. ದೊಡ್ಡಮ್ಮ ಸೊಪ್ಪು ಅರೆದು ಕಟ್ಟಿದ್ದಾರೆ.

ಡಾಕ್ಟರ್: ಬುಟ್ಟಿಯ ಮಾತು ಆಮೇಲೆ. ಜ್ವರ ಇದೆಯಾ? ಕೀಮೋ ನಡೀತಿದೆಯಾ?

ಅಂಕೋಲೆಯ ಸದಸ್ಯೆ: ಕೀಮೋ ಮುಗಿದು ತಿಂಗಳುಗಳಾದವು. ರಾತ್ರಿ ಚಳಿ ಬಂದು ನಡುಗಿದರು. ಈಗ ಮಲಗಿದ್ದಾರೆ. ನಾಳೆ ತೋರಿಸಿದರೆ ಸಾಕಲ್ವಾ?

ಡಾಕ್ಟರ್: ಸಾಲದು. ಈಗಲೇ ಹೊರಡಿ. ಕಂಕುಳ ಗಂಟು ತೆಗೆದ ಕೈಯಲ್ಲಿ ಸೋಂಕು ಬೇಗ ಹರಡುತ್ತದೆ, ಚಳಿ ಬಂದಿದೆ ಅಂದರೆ ರಕ್ತಕ್ಕೂ ಸೇರಿರಬಹುದು. ಸೊಪ್ಪು ಬಿಚ್ಚಿ ತೊಳೆಯಿರಿ. ಬಳೆ ಬರದಿದ್ದರೆ ಒಡೆಯಿರಿ, ಶಾಸ್ತ್ರ ನೋಡಬೇಡಿ. ತಿಕ್ಕಬೇಡಿ, ಶಾಖ ಕೊಡಬೇಡಿ, ಬಿಗಿಯಾಗಿ ಏನನ್ನೂ ಕಟ್ಟಬೇಡಿ. ಕೆಂಪು ಎಲ್ಲಿವರೆಗೆ ಇದೆಯೋ ಅದರ ಅಂಚಿಗೆ ಪೆನ್ನಿನಲ್ಲಿ ಗೆರೆ ಎಳೆಯಿರಿ, ಗೆರೆ ದಾಟಿ ಹರಡಿದರೆ ಅಲ್ಲಿನ ಡಾಕ್ಟರಿಗೆ ಗೊತ್ತಾಗುತ್ತದೆ. ದಾರಿಯಲ್ಲಿ ಕೈ ದಿಂಬಿನ ಮೇಲೆ ಎತ್ತಿಡಿ.

ಆಸ್ಪತ್ರೆಯಲ್ಲಿ ಮೂರು ಮಾತು ಮರೆಯದೆ ಹೇಳಿ. ಆ ಕೈಯ ಕಂಕುಳ ಗಂಟು ತೆಗೆದಿದ್ದಾರೆ. ಚುಚ್ಚಿದ್ದು ಶೆಟ್ಲಿ ಮುಳ್ಳು, ಏಕೆಂದರೆ ಉಪ್ಪುನೀರಿನ ಕೀಟಾಣುವಿಗೆ ಕೊಡುವ ಆಂಟಿಬಯೋಟಿಕ್ ಬೇರೆ ಇರಬಹುದು. ಧನುರ್ವಾಯು ಇಂಜೆಕ್ಷನ್ ಯಾವಾಗ ಆಗಿತ್ತು. ಸೂಜಿ, ಬಿಪಿ ಎಲ್ಲಾ ಬಲಗೈಗೆ.

ಹೊನ್ನಾವರದ ಸದಸ್ಯ: ಲಕ್ಷ್ಮಣಫಲದ ಎಲೆ ಕುದಿಸಿ ಕುಡಿದರೆ ಕೀಮೋಗಿಂತ ಹತ್ತು ಸಾವಿರ ಪಟ್ಟು ಶಕ್ತಿ. ಜೊತೆಗೆ ಅರಿಶಿನದ ಮಾತ್ರೆ. ಎಲ್ಲರಿಗೂ ಕಳಿಸಿ 🙏

ಡಾಕ್ಟರ್: ಅಲ್ಲಿ ಒಬ್ಬರು ಸೋಂಕಿನಿಂದ ನಡುಗುತ್ತಿದ್ದಾರೆ, ನೀವು ಎಲೆ ಕುದಿಸುತ್ತಿದ್ದೀರಿ. ಆ ಲೆಕ್ಕ ಪ್ರಯೋಗಾಲಯದ ಗಾಜಿನ ತಟ್ಟೆಯಿಂದ ಬಂದದ್ದು, ಮನುಷ್ಯರ ಮೇಲೆ ಅಲ್ಲ. ಹೆಚ್ಚು ಸೇವಿಸಿದರೆ ನರಕ್ಕೆ ಹಾನಿಯ ಸಂಶಯ ಇದೆ. ಸಾರಿಗೆ ಹಾಕುವ ಅರಿಶಿನಕ್ಕೆ ನನ್ನ ತಕರಾರಿಲ್ಲ. ಅರಿಶಿನದ ಮಾತ್ರೆ, ಕ್ಯಾನ್ಸರ್ ಮರಳದಂತೆ ಕೊಡುವ ಟಾಮೋಕ್ಸಿಫೆನ್ ಮಾತ್ರೆಯ ಪರಿಣಾಮ ತಗ್ಗಿಸಬಹುದು, ನುಂಗಬೇಡಿ.

ಹೊನ್ನಾವರದ ಸದಸ್ಯ: ಅಲೋಪಥಿಯವರಿಗೆ ಮನೆಮದ್ದು ಅಂದರೆ ಅಲರ್ಜಿ. ಅಷ್ಟಕ್ಕೂ ಇಷ್ಟೆಲ್ಲ ಆದ ಮೇಲೆ ಹೆಂಗಸರು ಕೆಲಸಕ್ಕೆ ಯಾಕೆ ಹೋಗಬೇಕು? ಮನೆಯಲ್ಲಿ ವಿಶ್ರಾಂತಿ ತಗೊಳ್ಳಲಿ.

ಶಿರಸಿಯ ಸದಸ್ಯೆ: ಮನೆಯಲ್ಲಿ ವಿಶ್ರಾಂತಿನಾ? ಬಾವಿ ನೀರು ಸೇದೋದು, ಕೊಟ್ಟಿಗೆ ಬಳಿಯೋದು ನಿಮ್ಮ ಮನೆಯಲ್ಲಿ ಯಾರು ಮಾರಾಯ್ರೆ?

ಹೊನ್ನಾವರದ ಸದಸ್ಯ: ನಮ್ಮಲ್ಲಿ ಪಂಪ್ ಇದೆ.

ಕಾರವಾರದ ಟೀಚರ್: ಅಣ್ಣ, ಕೀಮೋ ಬಿಲ್ಲು ನೋಡಿದ್ದೀರಾ? ಸಂಬಳ ಇಲ್ಲದೆ ಕಟ್ಟೋದು ಹೇಗೆ?

ಅಡ್ಮಿನ್: ವಿಷಯಕ್ಕೆ ಬನ್ನಿ.

ಶಿರಸಿಯ ಸದಸ್ಯೆ: ನನ್ನ ಪ್ರಶ್ನೆ: ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯೋದು ಬಿಟ್ಟು ಹಲಸಿನ ಹಪ್ಪಳ ಮಾಡಿ ಮಾರೋಣ ಅಂತ. ಕೈಗೆ ಆರಾಮ ಅಲ್ವಾ?

ಡಾಕ್ಟರ್: ಹಲಸಿನಕಾಯಿ ಹೊತ್ತು ತಂದು, ಕೊಚ್ಚಿ, ಬೇಯಿಸಿ, ರುಬ್ಬಿ, ಒತ್ತೋದು ಆರಾಮವಾ? ಕತ್ತಿಯ ಗಾಯ ತಪ್ಪಬಹುದು, ಭಾರ ತಪ್ಪಲ್ಲ. ಟಾಮೋಕ್ಸಿಫೆನ್‌ನಿಂದ ಮೈ ಬಿಸಿಯೇರುತ್ತಿದ್ದರೆ ಒಲೆ ಮುಂದೆ ಕೂರೋದೂ ಕಷ್ಟ. ಹೊರೋದು, ರುಬ್ಬೋದು ಬೇರೆಯವರು ಮಾಡಲಿ. ಲೆಕ್ಕ, ಪ್ಯಾಕಿಂಗ್, ಮಾರಾಟ ನೀವು ನೋಡಿಕೊಳ್ಳಿ.

ಕುಮಟೆಯ ಸದಸ್ಯೆ: ಗೇರುಬೀಜ ಫ್ಯಾಕ್ಟರಿ ಕೆಲಸ. ಪ್ಯಾಕ್ಲಿಟ್ಯಾಕ್ಸೆಲ್ ಕೀಮೋ ಆದ ಮೇಲೆ ಬೆರಳ ತುದಿ ಜೋಮು. ಕತ್ತಿ ಹಿಡಿದದ್ದೇ ಗೊತ್ತಾಗಲ್ಲ.

ಡಾಕ್ಟರ್: ಜೋಮು ಇಳಿಯಲು ತಿಂಗಳುಗಳು ಬೇಕಾಗಬಹುದು. ಕೆಲವರಿಗೆ ಪೂರ್ತಿ ಹೋಗುವುದಿಲ್ಲ. ಸಿಪ್ಪೆಯ ಎಣ್ಣೆ ಚರ್ಮ ಸುಡುತ್ತದೆ, ಬೆರಳಿಗೆ ಗೊತ್ತಾಗದಿದ್ದರೆ ಗಾಯ ಆದ ಮೇಲೆ ನೋಡುತ್ತೀರಿ. ಬೀಜ ಒಡೆಯುವ ಕೆಲಸ ಬೇಡ, ಗ್ರೇಡಿಂಗ್‌ಗೆ ಹಾಕಿಸಿಕೊಳ್ಳಿ. ಚೀಟಿ ಬರೆದುಕೊಡುವಂತೆ ನಿಮ್ಮ ಡಾಕ್ಟರನ್ನು ಕೇಳಿ.

ಕಾರವಾರದ ಟೀಚರ್: ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಕಟ್ಟುತ್ತಿದ್ದರೆ ಕೇಳು ತಂಗಿ. ಕ್ಯಾನ್ಸರ್‌ಗೆ ವಿಸ್ತೃತ ಅನಾರೋಗ್ಯ ಭತ್ಯೆ ಅಂತ ಕೂಲಿಯ 80 ಶೇಕಡಾ ಎರಡು ವರ್ಷದವರೆಗೆ ಸಿಗುತ್ತದೆ. ಎರಡು ವರ್ಷ ಸತತ ಕೆಲಸ ಆಗಿರಬೇಕು, ವಂತಿಗೆ ಕಟ್ಟಿದ ದಿನಗಳ ಲೆಕ್ಕವೂ ಇದೆ.

ಭಟ್ಕಳದ ಸದಸ್ಯ: ಹೆಂಡತಿ ಖಾಸಗಿ ಕಂಪನಿ ಬಿಟ್ಟು ಬೇರೆ ಕಡೆ ಸೇರುತ್ತಾಳೆ. ಹೊಸ ಕಂಪನಿಗೆ ಕಾಯಿಲೆ ಹೇಳಬೇಕಾ? ವಿಮೆ ಸಿಗುತ್ತದಾ?

ಅಂಕೋಲೆಯ ಸದಸ್ಯೆ: ಅಡ್ಮಿಟ್ ಮಾಡಿದರು. ಡ್ರಿಪ್ ಬಲಗೈಗೇ ಹಾಕಿದ್ದಾರೆ. ಬಳೆ ಕತ್ತರಿಸಿದರು.

ಡಾಕ್ಟರ್: ಒಳ್ಳೇದು. ಗೆರೆ ದಾಟಿದೆಯಾ ನೋಡುತ್ತಿರಿ. ಬುಟ್ಟಿಯ ಉತ್ತರ ಬಾಕಿ ಇತ್ತು. ಭಾರ ಎತ್ತಿದರೆ ಕೈ ಊದುತ್ತದೆ ಅಂತ ಹಿಂದೆ ಹೆದರಿಸುತ್ತಿದ್ದೆವು. ನಿಧಾನವಾಗಿ ಭಾರ ಏರಿಸಿದರೆ ಊತ ಹೆಚ್ಚುವುದಿಲ್ಲ ಅಂತ 2009ರ ಅಧ್ಯಯನ ತೋರಿಸಿತು. ಹಾಗಾಗಿ ಬೇಡವೇ ಬೇಡ ಅನ್ನುವುದಿಲ್ಲ. ಸೋಂಕು ಪೂರ್ತಿ ಹೋಗಲಿ, ಫಿಸಿಯೋ ಕೈ ನೋಡಲಿ, ಸ್ವಲ್ಪ ಸ್ವಲ್ಪವೇ ತೂಕ ಏರಿಸಲಿ. ತಲೆಗೆ ಎತ್ತಿಡಲು ಇನ್ನೊಬ್ಬರು ಇರಲಿ. ಶೆಟ್ಲಿ, ಏಡಿ ಮುಟ್ಟುವಾಗ ದಪ್ಪ ಗ್ಲೌಸ್. ಗ್ಲೌಸ್ ಇಲ್ಲ ಅಂದರೆ ಸುಲಿಯೋದು ಬೇಡ, ಕೂತು ಮಾರಲಿ.

ಯಲ್ಲಾಪುರದ ಸದಸ್ಯೆ: ಮೇಡಂ, ಕರೆಂಟ್ ಮುಗಿದು ಎಷ್ಟು ದಿನಕ್ಕೆ ಕೆಲಸಕ್ಕೆ ಹೋಗಬಹುದು?

ಡಾಕ್ಟರ್: ಮೊದಲ ಉತ್ತರವೇ ಅದು. ಓದಿ.

ಗೋಕರ್ಣದ ಸದಸ್ಯೆ: ಬಿಪಿ ಯಾವ ಕೈಗೆ?

ಡಾಕ್ಟರ್: ಆಪರೇಷನ್ ಆಗದ ಕೈಗೆ. ಮೇಲೇ ಇದೆ.

ಹೊನ್ನಾವರದ ಸದಸ್ಯ: ಬಿಸಿನೀರಿಗೆ ನಿಂಬೆ, ಸೋಡಾ ಹಾಕಿ ಕುಡಿದರೆ...

ಅಡ್ಮಿನ್: ಇವರನ್ನು ತೆಗೆದಿದ್ದೇನೆ.

ಶಿರಸಿಯ ಸದಸ್ಯೆ: ಅಷ್ಟು ಬೇಗ ಯಾಕೆ? ಪಂಪಿನ ವಿಷಯ ಇನ್ನೂ ಮುಗಿದಿರಲಿಲ್ಲ.

ಭಟ್ಕಳದ ಸದಸ್ಯ: ನನ್ನ ವಿಮೆಯ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ.