ಅಣ್ಣನ ಬಗ್ಗೆ ಬರೆಯಲು ಕೂತರೆ ಹಗೇವು ಬರುತ್ತದೆ

ಲೆಕ್ಕದಕ್ಕ, ದಾವಣಗೆರೆ:

ಇಲ್ಲಿ ಕವನ ಬರೆಯುವವರು, ಮೇಷ್ಟ್ರುಗಳು ಇದ್ದೀರಿ ಅಂತ ಕೇಳುತ್ತಿದ್ದೇನೆ. ನಾನು ಎಪಿಎಂಸಿಯಲ್ಲಿ ಒಂದು ದಲಾಲಿ ಅಂಗಡಿಯ ಲೆಕ್ಕ ಬರೆಯುವವಳು. ಹದಿನಾಲ್ಕು ವರ್ಷ ಆಯಿತು. ಈಗ ಕಂಪ್ಯೂಟರ್ ಬಂದಿದೆ, ಆದರೂ ಕಚ್ಚಾ ಚೀಟಿ ಬಿಟ್ಟಿಲ್ಲ. ನಾನು ಹೇಳುವ ಬರವಣಿಗೆ ಎಲ್ಲ ಆ ಚೀಟಿಗಳ ಹಿಂಬದಿಯಲ್ಲೇ ಇದೆ.

ನಮ್ಮೂರು ಜಗಳೂರು ತಾಲ್ಲೂಕು. ಎರಡು ವರ್ಷದ ಹಿಂದೆ ಅಣ್ಣ ಹಳೇ ಮನೆ ಕೆಡವಿ ಆರ್‌ಸಿಸಿ ಮನೆ ಕಟ್ಟಿದ. 2005ರ ಕಾನೂನು ಬಂದ ಮೇಲೆ ಮಗಳಿಗೂ ಸಮಪಾಲು ಅಲ್ವಾ, ಹಾಗಾಗಿ ನನ್ನ ಸಹಿ ಬೇಕಿತ್ತು. ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದೆ. ಯಾರೂ ಒತ್ತಾಯ ಮಾಡಲಿಲ್ಲ. ಆಮೇಲೆ ಅಣ್ಣ ಮಂಡಕ್ಕಿ ಮಿರ್ಚಿ ಕೊಡಿಸಿದ, ತಿಂದು ಬಸ್ ಹತ್ತಿದೆ. ಅವತ್ತಿನಿಂದ ಏನೋ ಸರಿಯಿಲ್ಲ. ಹಬ್ಬಕ್ಕೆ ಹೋಗುತ್ತೇನೆ, ಊಟ ಮಾಡುತ್ತೇನೆ, ಬರುತ್ತೇನೆ. ಮಾತು ಮಾತ್ರ ಮಳೆ ಬೆಳೆ ದಾಟುವುದಿಲ್ಲ. ರಾತ್ರಿ ಮೂರಕ್ಕೆ ಎಚ್ಚರ ಆಗುತ್ತದೆ. ಬಿಪಿ, ಶುಗರ್ ನೋಡಿಸಿದೆ, ಎರಡೂ ಸರಿಯಾಗಿವೆ.

ಮನಸ್ಸಿಗೆ ಬಂದದ್ದು ಬರಿ, ಹಗುರ ಆಗುತ್ತೆ ಅಂತ ಗೆಳತಿ ಹೇಳಿದಳು. ಬರೆದೆ. ಮೊದಲ ಹತ್ತು ದಿನ ಅಣ್ಣನ ಮೇಲಿನ ದೂರುಗಳೇ. ಅದೂ ಹೇಗೆ? ಖಾತೆ ಪುಸ್ತಕದಲ್ಲಿ ಪುಟದ ಮೇಲೆ ‘ಹಿಂದಿನ ಬಾಕಿ’ ಅಂತ ಬರೆಯುತ್ತೇವಲ್ಲ, ಹಾಗೆ. ದಿನಾ ಅದೇ ಬಾಕಿ ಎತ್ತಿ ಬರೆಯುವುದು, ಕೆಳಗೆ ಅದೇ ಮೊತ್ತ. ಪೈಸೆ ಜಮಾ ಇಲ್ಲ. ಹಗುರ ಆಗುವುದು ಇರಲಿ, ಇನ್ನೂ ಉರಿಯಿತು.

ಹನ್ನೊಂದನೇ ದಿನ ಸಿಕ್ಕಿದ್ದು ಚಿಕ್ಕ ಚೀಟಿ. ಉದ್ದ ಬರೆಯಲು ಜಾಗ ಇರಲಿಲ್ಲ. ಸುಮ್ನೆ ಸಾಲು ಮುರಿದು ಬರೆದೆ. ಅಣ್ಣನ ಬಗ್ಗೆಯೇ ಬರೆಯಲು ಕೂತದ್ದು. ಬಂದದ್ದು ಹಳೇ ಮನೆ ಅಂಗಳದ ಹಗೇವು, ಅದೇ ಜೋಳ ತುಂಬಿಡುವ ನೆಲದೊಳಗಿನ ಗುಂಡಿ.

ಹಗೇವಿನ ಬಾಯಿಗೆ
ಕಲ್ಲು ಮುಚ್ಚಿದ್ದರು.
ಕಲ್ಲಿನ ಮೇಲೆ ಕೂತು
ಕಾಲು ಆಡಿಸುತ್ತಿದ್ದೆ.
ಒಳಗೆ ಜೋಳ ಇದೆ ಅಂದರು.
ಇದೆಯಾ ಅಂತ
ಯಾರೂ ನೋಡಲಿಲ್ಲ.

ಇದಾದ ಮೇಲೆ ನಾಲ್ಕು ಸಲ ಕೂತೆ. ನಾಲ್ಕು ಸಲವೂ ಹಗೇವೇ. ನನ್ನ ಪ್ರಶ್ನೆ ಇದು: ಇದರಿಂದ ನನ್ನ ಮನಸ್ಸು ನನಗೆ ಏನಾದರೂ ಹೇಳುತ್ತಿದೆಯೋ, ಇಲ್ಲ ಚೆಂದದ ಮಾತು ಕಟ್ಟಿ ಅಸಲು ವಿಷಯ ತಪ್ಪಿಸಿಕೊಳ್ಳುತ್ತಿದ್ದೇನೋ? ಕವನ ಹೌದೋ ಅಲ್ಲವೋ ಅನ್ನುವುದು ಆಮೇಲಿನ ಮಾತು.

ದುರ್ಗದ ಹುಡುಗಿ, ಮನಃಶಾಸ್ತ್ರ ಓದುತ್ತಿರುವವಳು:

ಅಕ್ಕಾ, ನಿಮ್ಮ ‘ಹಿಂದಿನ ಬಾಕಿ’ ಓದಿ ನಮ್ಮ ಪಾಠ ನೆನಪಾಯಿತು. ಅಮೆರಿಕದ ಜೇಮ್ಸ್ ಪೆನ್ನೆಬೇಕರ್ ಅನ್ನುವವರು 1986ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳು ಸತತ 4 ದಿನ, ದಿನಕ್ಕೆ 15 ನಿಮಿಷ ಬರೆದರು. ಕೆಲವರು ತಮಗಾದ ನೋವಿನ ಬಗ್ಗೆ, ಕೆಲವರು ಸಾಮಾನ್ಯ ವಿಷಯದ ಬಗ್ಗೆ. ನಡೆದದ್ದನ್ನೂ ಅನ್ನಿಸಿದ್ದನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ಡಾಕ್ಟರ ಹತ್ತಿರ ಹೋದದ್ದು ಕಡಿಮೆ. ಆದರೆ ಬರೆದ ತಕ್ಷಣ ಅವರ ಮನಸ್ಸು ಕುಗ್ಗಿಯೇ ಇತ್ತು. ಹಾಗಾಗಿ ನಿಮಗೆ ಉರಿದದ್ದು ವಿಚಿತ್ರ ಅಲ್ಲ.

ಆಮೇಲೆ ಅವರು ಬರಹಗಳ ಪದಗಳನ್ನೇ ಎಣಿಸಿ ನೋಡಿದರು. ದಿನ ಕಳೆದಂತೆ ‘ಯಾಕೆಂದರೆ’, ‘ಈಗ ಗೊತ್ತಾಯಿತು’ ಇಂಥ ಮಾತು ಹೆಚ್ಚಾದವರಿಗೆ ಜಾಸ್ತಿ ಉಪಯೋಗ ಆಗಿತ್ತು. ಅದೇ ಕಥೆ ಅದೇ ರೀತಿ ಹೇಳಿದರೆ ಅಷ್ಟು ಇಲ್ಲ. ನಿಮ್ಮ ಹತ್ತು ದಿನದ ಚೀಟಿ ತೆಗೆದು, ‘ಯಾಕೆಂದರೆ’ ಎಷ್ಟು ಸಲ ಇದೆ ಎಣಿಸಿ. ಲೆಕ್ಕ ನಿಮಗೆ ಬರುತ್ತದಲ್ಲ!

ಇನ್ನೊಂದು ಮಾತು. 2006ರಲ್ಲಿ ಇಂಥ 146 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಸಿಕ್ಕಿದ ಲಾಭ ಇದೆ, ಆದರೆ ಚಿಕ್ಕದು. ಬರೆಯುವುದು ಔಷಧಿ ಅಲ್ಲ. ನಿದ್ದೆ ಹೀಗೇ ಕೆಡುತ್ತಿದ್ದರೆ 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್, ದುಡ್ಡು ಇಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಹಿರಿಯೂರು ರೈತ:

ಕವನ ಗಿವನ ನನಗೆ ಗೊತ್ತಿಲ್ಲ. ಹಗೇವು ಗೊತ್ತು. ಬಾಯಿ ಕಿರಿದು, ಹೊಟ್ಟೆ ಅಗಲ. ಒಳಗೆ ಸುತ್ತ ಹುಲ್ಲು ಕೊಟ್ಟು ಜೋಳ ತುಂಬಿ, ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಕಲ್ಲು ತೆಗೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಕಾಳೂ ಉಸಿರಾಡುತ್ತದೆ, ಒಳಗೆ ಕೆಟ್ಟ ಗಾಳಿ ತುಂಬಿರುತ್ತದೆ. ಬಾಯಿ ತೆರೆದು ಬಿಟ್ಟು, ಆಮೇಲೆ ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಸುವುದು. ಅದು ಆರಿತೋ, ಇಳಿಯೋ ಹಾಗಿಲ್ಲ. ಅವಸರ ಮಾಡಿ ಇಳಿದು ಸತ್ತವರ ಕಥೆ ನಮ್ಮ ಕಡೆ ಪ್ರತಿ ಊರಲ್ಲೂ ಇದೆ.

ನೀವು ಚೀಟಿ ಹಿಂದೆ ಬರೆದು ಏನು ಬಂತು ಅಕ್ಕಾರೇ? ಅಣ್ಣನಿಗೆ ಒಂದು ಫೋನ್ ಹಾಕಿ. ನಾನಾಗಿದ್ದರೆ ಹೋಗಿ ಎರಡು ಬೈದು, ಊಟ ಮಾಡಿ ಬರುತ್ತಿದ್ದೆ.

ನಿವೃತ್ತ ಕನ್ನಡ ಮೇಷ್ಟ್ರು, ಚಿತ್ರದುರ್ಗ:

ತಾಯಿ, ಏಳು ಸಾಲಿನಲ್ಲಿ ಕೊನೆಯದರ ಮೇಲೆ ನನಗೆ ಅನುಮಾನ. ‘ಯಾರೂ ನೋಡಲಿಲ್ಲ.’ ನೋಡಿದೆ ಅಂದರೆ ನಾನು, ನೋಡಿದ ಅಂದರೆ ಅವನು, ನೋಡಿದರು ಅಂದರೆ ಅವರು. ಕ್ರಿಯಾಪದವೇ ಚಾಡಿ ಹೇಳಿಬಿಡುತ್ತದೆ. ಆದರೆ ‘ನೋಡಲಿಲ್ಲ’ ಅನ್ನಿ. ನಾನು ನೋಡಲಿಲ್ಲ, ಅವನು ನೋಡಲಿಲ್ಲ, ಅವರು ನೋಡಲಿಲ್ಲ. ಎಲ್ಲರಿಗೂ ಒಂದೇ. ಇಲ್ಲ ಅನ್ನುವಾಗ ಕನ್ನಡದ ಕ್ರಿಯಾಪದ ಯಾರು ಅಂತ ಬಾಯಿ ಬಿಡುವುದಿಲ್ಲ. ಮೂವತ್ತು ವರ್ಷ ವ್ಯಾಕರಣ ಕಲಿಸಿದ್ದೇನೆ, ಅಡಗಿಕೊಳ್ಳಲು ಇಷ್ಟು ಒಳ್ಳೆ ಜಾಗ ಇನ್ನೊಂದಿಲ್ಲ. ಅಲ್ಲಿ ‘ನಾನು’ ಹಾಕಿ ಓದಿ. ಸುಳ್ಳು ಅನ್ನಿಸಿದರೆ ಹೊಡೆದುಹಾಕಿ.

ಇನ್ನೊಂದು ಕೆಲಸ. ವಚನ ಬರೆದವರು ಕೊನೆಗೆ ಒಬ್ಬರನ್ನು ಕರೆಯುತ್ತಾರೆ. ಬಸವಣ್ಣನವರಿಗೆ ಕೂಡಲಸಂಗಮದೇವ, ಅಕ್ಕಮಹಾದೇವಿಗೆ ಚೆನ್ನಮಲ್ಲಿಕಾರ್ಜುನ. ಗಂಡ ಜಾಸ್ತಿ ಅಕ್ಕಿ ತಂದಾಗ ವಾಪಸ್ ಸುರಿದು ಬಾ ಅಂದ ಆಯ್ದಕ್ಕಿ ಲಕ್ಕಮ್ಮನ ಅಂಕಿತದಲ್ಲಿ ಆ ಗಂಡ ಮಾರಯ್ಯನ ಹೆಸರೂ ಇದೆ. ಕೇಳುವವರು ಎದುರಿಗೆ ಕೂತಿದ್ದಾರೆ ಅಂದಾಗ ಮಾತು ಬೇರೆಯೇ ಆಗುತ್ತದೆ. ನಿಮ್ಮ ಪದ್ಯ ಯಾರನ್ನೂ ಕರೆಯುತ್ತಿಲ್ಲ. ಯಾರನ್ನು ಕರೆಯಬೇಕು ಅಂತ ನಾನು ಹೇಳುವುದಿಲ್ಲ.

ಲೆಕ್ಕದಕ್ಕ, ದಾವಣಗೆರೆ:

ಒಂದು ವಾರ ಬಿಟ್ಟು ಬರೆಯುತ್ತಿದ್ದೇನೆ. ಕ್ಷಮಿಸಿ, ಮೆಕ್ಕೆಜೋಳ ಬರಲು ಶುರುವಾಗಿತ್ತು.

ತಂಗಿ, ಎಣಿಸಿದೆ. ಹತ್ತು ದಿನದ ಚೀಟಿಗಳಲ್ಲಿ ‘ಅಣ್ಣ’ 61 ಸಲ ಇದೆ. ‘ಯಾಕೆಂದರೆ’ ಎರಡು. ಆ ಎರಡೂ ‘ಯಾಕೆಂದರೆ ಅವನು ಹಾಗೆಯೇ’ ಅಂತ.

ಮೇಷ್ಟ್ರೇ, ನೀವು ಹೇಳಿದಂತೆ ಹೀಗೆ ಮಾಡಿದೆ.

ಒಳಗೆ ಜೋಳ ಇದೆ ಅಂದರು.
ಇದೆಯಾ ಅಂತ
ನಾನು ನೋಡಲಿಲ್ಲ,
ಅಣ್ಣಾ.

ಬರೆದು ಐದು ನಿಮಿಷ ಪೆನ್ನು ಮುಚ್ಚಲಿಲ್ಲ. ಆಗ ಹೊಳೆದದ್ದು ಇದು. ಆ ಪತ್ರವನ್ನು ನಾನು ಓದಿರಲಿಲ್ಲ. ಹತ್ತು ರೂಪಾಯಿ ವ್ಯತ್ಯಾಸ ಬಂದರೆ ಅಂಗಡಿ ಬಾಗಿಲು ಹಾಕಲು ಬಿಡದೆ ಮೂರು ಸಲ ಕೂಡುವವಳು ನಾನು. ಅವತ್ತು ‘ಎಲ್ಲಿ ಹಾಕಬೇಕು ಹೇಳಣ್ಣ’ ಅಂದು ಬೆರಳು ತೋರಿಸಿದ ಕಡೆ ಎಲ್ಲ ಸಹಿ ಹಾಕಿದೆ. ಓದಿದ್ದರೆ ಏನಾದರೂ ಕೇಳಬೇಕಾಗುತ್ತಿತ್ತು. ಕೇಳಿದ್ದರೆ ಆಸ್ತಿ ಕೇಳುವ ತಂಗಿ ಆಗುತ್ತಿದ್ದೆ. ದೊಡ್ಡ ಮನಸ್ಸಿನವಳು ಅನ್ನಿಸಿಕೊಳ್ಳುವುದು ಅವತ್ತು ಸುಲಭ ಇತ್ತು. ಆಮೇಲೆ ಎರಡು ವರ್ಷ ಅದರ ಬಡ್ಡಿ ಅಣ್ಣನ ಖಾತೆಗೆ ಬರೆದೆ.

ನಕಲು ಬೀರುವಿನಲ್ಲೇ ಇತ್ತು. ಭಾನುವಾರ ತೆಗೆದು ಓದಿದೆ. ಹಿತ್ತಿಲೂ ಅದರಲ್ಲಿ ಸೇರಿದೆ, ನನಗೆ ಗೊತ್ತೇ ಇರಲಿಲ್ಲ. ಅಣ್ಣ ಮುಚ್ಚಿಟ್ಟಿಲ್ಲ. ಎರಡನೇ ಹಾಳೆಯಲ್ಲೇ ಚಕ್ಕುಬಂದಿ ಸಮೇತ ಇದೆ. ಜೊತೆಗಿದ್ದ ಅಪ್ಪನ ಕಾಲದ ಕಾಗದದಲ್ಲಿ ಇನ್ನೂ ಚಿತ್ರದುರ್ಗ ಜಿಲ್ಲೆ. 1997ರಲ್ಲಿ ಜಿಲ್ಲೆ ಬೇರೆ ಆಯಿತಲ್ಲ, ಅದಕ್ಕೂ ಮುಂಚಿನದು. ಅಪ್ಪನ ಸಹಿ ನೋಡಿ ಸ್ವಲ್ಪ ಹೊತ್ತು ಅತ್ತೆ. ಅಷ್ಟೆ.

ಸಿಟ್ಟು ಹೋಗಿಲ್ಲ, ಅದನ್ನೂ ಹೇಳಬೇಕು. ಹಿತ್ತಿಲೂ ಸೇರಿದೆ ನೋಡು ಅಂತ ಒಂದು ಮಾತು ಅವನು ಹೇಳಬಹುದಿತ್ತು. ಆದರೆ ಈಗ ಎರಡು ಖಾತೆ ಬೇರೆ ಬೇರೆ ಆಗಿವೆ. ಅವನದು ಎಷ್ಟು, ನನ್ನದು ಎಷ್ಟು ಅಂತ ಕಾಣುತ್ತದೆ. ನಿನ್ನೆಯೂ ಮೂರಕ್ಕೇ ಎಚ್ಚರ ಆಯಿತು. 14416 ಬರೆದುಕೊಂಡಿದ್ದೇನೆ.

ಹಿರಿಯೂರಿನವರೇ, ಫೋನ್ ಹಾಕಿದೆ. ಲಾಟೀನು ಇಳಿಸಿದ ಹಾಗೆ, ಒಂದೇ ಪ್ರಶ್ನೆ. ಹಗೇವಿನ ಮೇಲಿನ ಕಲ್ಲು ಏನಾಯಿತು ಅಂತ. ಅಣ್ಣ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಹಗೇವು ಮುಚ್ಚಿಸಿದೆ. ಕಲ್ಲು ಒಡೆಯಲು ಮನಸ್ಸಾಗಲಿಲ್ಲ, ಬಟ್ಟೆ ಒಗೆಯಲು ಹಾಕಿಕೊಂಡಿದ್ದೀವಿ, ಹಿತ್ತಿಲಲ್ಲಿದೆ’ ಅಂದ.

ಹಿತ್ತಿಲು ಅನ್ನುವ ಮಾತು ಅವನ ಬಾಯಿಂದಲೇ ಬಂತು. ಈ ಸಲ ದೀಪಾವಳಿಗೆ ಎರಡು ದಿನ ರಜೆ ಕೇಳಿದ್ದೇನೆ.